ಎಣಿಸಿದರೆ ಸರಿ, ಓದಿದರೆ ಎಡವಟ್ಟು

ಪ್ರಶ್ನೆ: ಬೆಟ್ಟಗಳ ನಡುವೆ ಇರುವ ಒಂದು ಸರೋವರ ನೋಡಿ ಬಂದ ಮೇಲೆ ಅದನ್ನು ಹೊಗಳಿ ಐದು ಚರಣದ ಪದ್ಯ ಬರೆದೆ. ಮೊದಲ ಚರಣ ಇದು:

ಎಷ್ಟು ಚಂದ ಎಷ್ಟು ಚಂದ ನಮ್ಮ ಸರೋವರ
ನೀಲಿ ನೀರು ಹಸಿರು ಬೆಟ್ಟ ಎಂಥ ಸುಂದರ
ಹಕ್ಕಿಗಳ ಕಲರವ ಕೇಳಲು ಬಲು ಮಧುರ
ಎಷ್ಟು ಚಂದ ಎಷ್ಟು ಚಂದ ನಮ್ಮ ಸರೋವರ

ಪ್ರತಿ ಚರಣವೂ ಇದೇ ಸಾಲಿನಿಂದ ಶುರುವಾಗಿ ಇದೇ ಸಾಲಿನಲ್ಲಿ ಮುಗಿಯುತ್ತದೆ. ಮೂರನೇ ಸಾಲು ಎಡವುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ಎಣಿಸಿ ನೋಡಿದೆ, 18 ಮಾತ್ರೆ ಇದೆ, ಮೂರು ಮೂರಾಗಿ ಸರಿಯಾಗಿ ಒಡೆಯುತ್ತದೆ. ಹಾಗಾದರೆ ತಪ್ಪೆಲ್ಲಿ? ಪ್ರಾಸ ಹಳೇ ಕಾಲದ್ದು, ಬಿಟ್ಟುಬಿಡಿ ಅಂತಲೂ ಅವರು ಅಂದರು. ಬಿಡಬೇಕಾ? ಒಂದೇ ಸಾಲು ಅಷ್ಟು ಸಲ ಬಂದರೆ ಓದುವವರಿಗೆ ಬೇಜಾರಾಗುತ್ತದಾ?

ಉತ್ತರ:

ನಿಮ್ಮ ಲೆಕ್ಕ ಸರಿ. ನಿಮ್ಮ ಗೆಳೆಯರ ಕಿವಿಯೂ ಸರಿ. ಎರಡೂ ಒಟ್ಟಿಗೆ ಸರಿಯಾಗಿರುವುದರಿಂದಲೇ ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರಿಸಬೇಕು ಅನ್ನಿಸಿತು.

ಮೊದಲು ಎಣಿಕೆಯ ನಿಯಮ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ, ಓದುವ ಉಳಿದವರಿಗೂ ಅನುಕೂಲ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಅಕ್ಷರ ಗುರು, ಎರಡು ಮಾತ್ರೆ. ಸೊನ್ನೆ ಇದ್ದರೆ, ವಿಸರ್ಗ ಇದ್ದರೆ, ಮುಂದೆ ಒತ್ತಕ್ಷರ ಇದ್ದರೆ ಹ್ರಸ್ವವೂ ಗುರುವೇ. ‘ಎಷ್ಟು’ ಅಂದಾಗ ‘ಎ’ ಹ್ರಸ್ವವಾದರೂ ಮುಂದೆ ‘ಷ್ಟು’ ಬಂದದ್ದರಿಂದ ಎರಡು ಮಾತ್ರೆ. ಒಟ್ಟು ಮೂರು. ‘ಚಂದ’ ಮೂರು. ‘ನೀಲಿ’, ‘ನೀರು’, ‘ಹಸಿರು’, ‘ಬೆಟ್ಟ’ ಎಲ್ಲ ಮೂರೇ. ನಿಮ್ಮ ಪದ್ಯದ ಮೊದಲೆರಡು ಸಾಲುಗಳಲ್ಲಿ, ಕೊನೆಯ ಪದ ಬಿಟ್ಟರೆ, ಒಂದೊಂದು ಪದ ಒಂದೊಂದು ಗಣವಾಗಿ, ಅಂದರೆ ಮಾತ್ರೆಗಳ ಒಂದು ಗುಂಪಾಗಿ, ಕೂತಿದೆ. ಓದುವವರ ನಾಲಿಗೆ ಅಷ್ಟರಲ್ಲೇ ಒಂದು ಪಾಠ ಕಲಿತುಬಿಡುತ್ತದೆ: ಪದ ಮುಗಿದಾಗ ಗಣ ಮುಗಿಯುತ್ತದೆ, ಹೊಸ ಪದದ ಮೊದಲಕ್ಷರಕ್ಕೆ ಪೆಟ್ಟು ಬೀಳುತ್ತದೆ.

ಈಗ ಮೂರನೇ ಸಾಲಿಗೆ ಬನ್ನಿ. ಮೂರು ಮೂರಾಗಿ ಒಡೆದರೆ ಹೀಗಾಗುತ್ತದೆ:

ಹಕ್ಕಿ | ಗಳ ಕ | ಲರವ | ಕೇಳ | ಲು ಬಲು | ಮಧುರ

ಇದನ್ನು ಚಪ್ಪಾಳೆ ತಟ್ಟುತ್ತಾ, ಪ್ರತಿ ಗಣದ ಮೊದಲಕ್ಷರಕ್ಕೆ ಒಂದು ತಟ್ಟು ಹಾಕಿ, ಜೋರಾಗಿ ಓದಿ. ‘ಲರವ’ ಅಂತ ತಟ್ಟಬೇಕಾಗುತ್ತದೆ. ‘ಲು ಬಲು’ ಅಂತ ತಟ್ಟಬೇಕಾಗುತ್ತದೆ. ಪೆಟ್ಟು ಬೀಳುವ ಜಾಗದಲ್ಲಿ ಪದದ ಹೊಟ್ಟೆಯೋ ಬಾಲವೋ ಸಿಕ್ಕುತ್ತದೆ, ಅದೂ ಭಾರವಿಲ್ಲದ ಲಘು. ಕಾಗದದ ಮೇಲೆ 18 ಇದೆ, ನಿಜ. ಆದರೆ ಕಿವಿ ಒಟ್ಟು ಮೊತ್ತ ನೋಡುವುದಿಲ್ಲ, ಪೆಟ್ಟು ಎಲ್ಲಿ ಬಿತ್ತು ಅನ್ನೋದನ್ನು ನೋಡುತ್ತದೆ.

ಇನ್ನೂ ಒಂದು ತಮಾಷೆ ಇದೆ. ಆ ಸಾಲಿಗೆ ಎರಡೇ ಎರಡು ಮಾತ್ರೆ ಸೇರಿಸಿ ನೋಡಿ:

ಹಕ್ಕಿಗಳ | ಕಲರವವು | ಕೇಳಲಿಕೆ | ಬಲು ಮಧುರ

ಐದು, ಐದು, ಐದು, ಐದು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗುತ್ತದೆ ಅಲ್ವಾ? ಅಂದರೆ ಆ ಸಾಲು ಮೊದಲಿನಿಂದಲೂ ಐದು ಮಾತ್ರೆಯ ನಡೆಯಲ್ಲಿ ಹೋಗಬೇಕು ಅಂತಿತ್ತು. ನೀವು ಅದನ್ನು ಮೂರರ ಹಾದಿಯಲ್ಲಿ ಎಳೆದಿರಿ. ‘ಹಕ್ಕಿಗಳ’ ಎಂಬ ಮೊದಲ ಪದವೇ ಐದರ ಪದ. ಅದು ಬಂದ ಕೂಡಲೇ ಕಿವಿ ಐದಕ್ಕೆ ಸಿದ್ಧವಾಯಿತು, ಮುಂದೆ ನಾಲ್ಕು ಸಿಕ್ಕಿತು, ಎಡವಿತು.

ಮೂರನೇ ಸಾಲಿನ ಕಥೆ ಇಷ್ಟು. ಆದರೆ ನಿಜವಾದ ತೊಡಕು ಅಲ್ಲಿಲ್ಲ, ಮೊದಲ ಸಾಲಿನಲ್ಲಿದೆ. ನಿಮ್ಮ ಗೆಳೆಯರು ಅದನ್ನು ಹೇಳಲಿಲ್ಲ, ಯಾಕೆಂದರೆ ಅದು ಹತ್ತು ಸಲ ಬಂದು ರೂಢಿಯಾಗಿಬಿಟ್ಟಿದೆ.

‘ಸರೋವರ’ ಎಂಬ ಪದವನ್ನೇ ತೂಗಿ ನೋಡಿ. ಸ ಲಘು, ರೋ ಗುರು, ವ ಲಘು, ರ ಲಘು. ಒಟ್ಟು ಐದು ಮಾತ್ರೆ, ಭಾರ ಎರಡನೇ ಅಕ್ಷರದ ಮೇಲೆ. ನಿಮ್ಮ ಸಾಲಿನಲ್ಲಿ ಅದು ‘ಸರೋ | ವರ’ ಎಂದು ಒಡೆಯುತ್ತದೆ. ‘ಸರೋ’ ಅನ್ನುವುದು ಲಘುವಿನಿಂದ ಶುರುವಾಗಿ ಗುರುವಿನಲ್ಲಿ ನಿಲ್ಲುವ ಗಣ. ತಟ್ಟು ಬೀಳುವುದು ‘ಸ’ ಮೇಲೆ, ಭಾರ ಇರುವುದು ‘ರೋ’ ಮೇಲೆ. ಕಾಲು ಒಂದು ಕಡೆ, ಮೈ ಒಂದು ಕಡೆ. ರಗಳೆ, ಆರು ಸಾಲಿನ ಷಟ್ಪದಿ ಎಂಬ ನಮ್ಮ ಹಳೆಯ ಪದ್ಯದ ಬಗೆಗಳಲ್ಲಿ ಮೊದಲು ಲಘು, ಆಮೇಲೆ ಗುರು ಬರುವಂತೆ ಗಣ ಶುರುವಾಗಬಾರದು ಅಂತ ಛಂದಸ್ಸಿನ ಪಾಠದಲ್ಲಿ ಹೇಳುತ್ತಾರಲ್ಲ, ಅದು ಸುಮ್ನೆ ಮಾಡಿದ ಕಟ್ಟಳೆಯಲ್ಲ. ಯಾರೋ ಕಿವಿಗೊಟ್ಟು ಕೇಳಿ, ಇಲ್ಲಿ ಕುಂಟುತ್ತದೆ ಅಂತ ಕಂಡುಕೊಂಡದ್ದು.

ಹಾಗಂತ ‘ಸರೋವರ’ ಪದ್ಯಕ್ಕೆ ಒಗ್ಗದ ಪದ ಅಲ್ಲವೇ ಅಲ್ಲ. ಹಿಂದಿನ ಪದದ ಜೊತೆ ಸೇರಿಸಿ, ನಾಲ್ಕು ನಾಲ್ಕಾಗಿ ಒಡೆಯಿರಿ:

ನಮ್ಮ ಸ | ರೋವರ

ನಾಲ್ಕು, ನಾಲ್ಕು. ಈಗ ತಟ್ಟು ‘ರೋ’ ಮೇಲೇ ಬಿತ್ತು. ‘ನೀಲ ಸರೋವರ’, ‘ಶಾಂತ ಸರೋವರ’, ‘ಹೊತ್ತ ಸರೋವರ’: ಮೂರು ಮಾತ್ರೆಯ ಪದ ಮುಂದಿಟ್ಟರೆ ಸಾಕು, ತಾನಾಗಿ ಎಂಟು ಮಾತ್ರೆಯ ತುಂಡಾಗುತ್ತದೆ. ಇಲ್ಲೂ ಪದ ಒಡೆಯಿತಲ್ಲ, ‘ಕಲರವ’ ಒಡೆದಾಗ ಬೇಡ ಅಂದಿರಿ, ಈಗ ಸರಿ ಅಂತೀರಿ ಅಂತ ನೀವು ಕೇಳಬಹುದು. ಪದ ಒಡೆಯುವುದು ತಪ್ಪಲ್ಲ. ನಮ್ಮ ಹಳೆಯ ಕವಿಗಳು ಗಣಕ್ಕೆ ಗಣಕ್ಕೆ ಪದ ಒಡೆದಿದ್ದಾರೆ. ಒಡೆದ ಮೇಲೆ ತಟ್ಟು ಯಾವ ಅಕ್ಷರಕ್ಕೆ ಬಿತ್ತು ಅನ್ನೋದು ಮುಖ್ಯ. ಒಂದು ಕಡೆ ‘ಲ’ ಮೇಲೆ, ಇನ್ನೊಂದು ಕಡೆ ‘ರೋ’ ಮೇಲೆ. ಬಾಯಿಬಿಟ್ಟು ಓದಿದರೆ ಎರಡಕ್ಕೂ ಇರುವ ಅಂತರ ತಿಳಿಯುತ್ತದೆ.

ಈಗ ನಿಮ್ಮ ಚರಣವನ್ನು ಒಟ್ಟಾಗಿ ನೋಡಿ. ‘ಎಷ್ಟು ಚಂದ ಎಷ್ಟು ಚಂದ’ ಮೂರರ ನಡೆ. ‘ನಮ್ಮ ಸರೋವರ’ ನಾಲ್ಕರ ನಡೆ ಕೇಳುತ್ತದೆ. ‘ಹಕ್ಕಿಗಳ ಕಲರವ’ ಐದಕ್ಕೆ ಎಳೆಯುತ್ತದೆ. ನಾಲ್ಕೇ ಸಾಲಿನಲ್ಲಿ ಮೂರು ನಡಿಗೆ! ಕಿವಿ ಗೊಂದಲಕ್ಕೆ ಬೀಳದೆ ಇನ್ನೇನು ಮಾಡೀತು?

ಹಾಗಾದರೆ ಸರೋವರಕ್ಕೆ ಯಾವ ನಡೆ? ಇದಕ್ಕೆ ಶಾಸ್ತ್ರದ ಉತ್ತರ ಇಲ್ಲ. ನನ್ನ ಅಭಿಪ್ರಾಯ ಇದೆ. ಮೂರು ಮಾತ್ರೆಯದ್ದು ಕುಣಿಯುವ ನಡೆ. ಉತ್ಸಾಹ ರಗಳೆಗೆ ಆ ಹೆಸರು ಬಂದದ್ದು ಎಷ್ಟು ಒಪ್ಪುತ್ತದೆ ನೋಡಿ. ಮಕ್ಕಳ ಪದ್ಯಕ್ಕೆ, ಓಡುವ ಹೊಳೆಗೆ, ಜಡಿಮಳೆಗೆ ಅದು ಚೆನ್ನ. ನಿಂತ ನೀರಿಗೆ ಅದನ್ನು ಹಾಕಿದರೆ ಸರೋವರ ಯಾಕೋ ಚಡಪಡಿಸಿದ ಹಾಗೆ ಕೇಳುತ್ತದೆ. ನಾಲ್ಕರದ್ದು ಸಮನಾದ ಹೆಜ್ಜೆ. ಮಂದಾನಿಲ ರಗಳೆಯಲ್ಲಿ ಬರುವುದು ಇದೇ, ಮೆಲ್ಲನೆ ಬೀಸುವ ಗಾಳಿ ಅಂತಲೇ ಹೆಸರು. ಐದು, ಅಂದರೆ ಲಲಿತ ರಗಳೆಯ ನಡೆ, ಸ್ವಲ್ಪ ತೂಗಾಡುತ್ತದೆ, ಕಟ್ಟಿದ ದೋಣಿ ತೂಗಿದ ಹಾಗೆ:

ದಡವಿಲ್ಲಿ ನಿಂತಿಹುದು ನೀರಿನಲಿ ಕಾಲಿಟ್ಟು

ಇನ್ನು ಮೂರು ಮತ್ತು ನಾಲ್ಕು ಸೇರಿದ ಏಳರ ನಡೆ. ಸಂಗೀತದವರು ಮಿಶ್ರ ಅನ್ನುತ್ತಾರೆ. ಭಾಮಿನಿ ಷಟ್ಪದಿಯ ಜೀವ ಇರುವುದು ಅಲ್ಲೇ. ಕುಮಾರವ್ಯಾಸ ಮಹಾಭಾರತದ ಮೊದಲ ಹತ್ತು ಪರ್ವಗಳ ಕಥೆಯನ್ನು ಅದರಲ್ಲೇ ಹೇಳಿದ. ಅಷ್ಟು ದೂರ ನಡೆದರೂ ದಣಿಯದ ನಡೆ ಅದು. ಯುದ್ಧಕ್ಕೂ ಆಗುತ್ತದೆ, ನಿಂತ ನೀರಿಗೂ ಆಗುತ್ತದೆ. ಅರ್ಧ ಷಟ್ಪದಿ ಬರೆದು ತೋರಿಸುತ್ತೇನೆ:

ನೀರ ಮೇಲಿನ ನೆರಳು ಕದಲದೆ
ತೀರದಂಚಲಿ ದೋಣಿ ಕಾದಿದೆ
ದೂರದಿಂದಲೆ ಬಂದ ಗಾಳಿಯು ಮಾತನಾಡಿಸದೆ

ಮೊದಲೆರಡು ಸಾಲು ಮೂರು ನಾಲ್ಕು, ಮೂರು ನಾಲ್ಕು. ಮೂರನೆಯದರಲ್ಲಿ ಅದೇ ಮೂರು ಸಲ ಬಂದು, ಕೊನೆಗೆ ಒಂಟಿ ಅಕ್ಷರ ‘ದೆ’. ಅದು ಲಘುವಾದರೂ ಎಳೆದು ಗುರು ಮಾಡಿ ಹೇಳಬೇಕು. ಆ ಎಳೆತದಲ್ಲೇ ಉಸಿರು ತೆಗೆದುಕೊಳ್ಳಲು ಜಾಗ ಸಿಗುತ್ತದೆ.

ಈ ಮೂರು ಸಾಲಿನಲ್ಲಿ ಇನ್ನೊಂದನ್ನೂ ನೀವು ಗಮನಿಸಿರಬಹುದು. ನೀರ, ತೀರ, ದೂರ. ಎರಡನೇ ಅಕ್ಷರ ಎಲ್ಲ ಕಡೆಯೂ ‘ರ’. ಇದು ಆದಿಪ್ರಾಸ. ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆಗೆ ಹೋಗೋಣ.

ಪ್ರಾಸ ಹಳೇ ಕಾಲದ್ದು ಅನ್ನುವಾಗ ಯಾವ ಪ್ರಾಸ ಅಂತ ಕೇಳಬೇಕು. ಕನ್ನಡದಲ್ಲಿ ನಿಜವಾಗಿ ಹಳೆಯದು ಸಾಲಿನ ಕೊನೆಯ ಪ್ರಾಸ ಅಲ್ಲ, ಸಾಲಿನ ತಲೆಯ ಪ್ರಾಸ. 10ನೆಯ ಶತಮಾನದ ಕೊನೆಯಲ್ಲಿ ನಾಗವರ್ಮ ತನ್ನ ಛಂದಸ್ಸಿನ ಗ್ರಂಥ ಛಂದೋಂಬುಧಿಯಲ್ಲಿ ಇದನ್ನು ಆರು ಬಗೆ ಮಾಡಿ ಪ್ರಾಣಿಗಳ ಹೆಸರಿಟ್ಟ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಎರಡನೇ ಅಕ್ಷರದ ಹಿಂದೆ ಏನಿದೆ, ಆ ಅಕ್ಷರ ಒಂಟಿಯೋ ಒತ್ತೋ ಎಂಬುದರ ಮೇಲೆ ಈ ಹೆಸರು. ನೀರ, ತೀರ, ದೂರ ಗಜಪ್ರಾಸ, ಹಿಂದಿನದು ದೀರ್ಘವಾದ್ದರಿಂದ. ಕೆರೆ, ತೆರೆ, ಮರ ಅಂತ ಹೋದರೆ ಸಿಂಹ. ದಂಡೆ, ಕಂಡು, ತಂಡ ಅಂದರೆ ಸೊನ್ನೆ ಇರುವ ವೃಷಭ. ಬೆಟ್ಟ, ದಟ್ಟ, ತೊಟ್ಟು ಅಂದರೆ ಅದೇ ಅಕ್ಷರಕ್ಕೆ ಅದೇ ಒತ್ತು, ಹಯ. ಒಂದು ಪದ್ಯದಲ್ಲಿ ಒಂದೇ ಪ್ರಾಣಿ. ‘ನೀರ’ ಅಂತ ಶುರುಮಾಡಿ ಮುಂದಿನ ಸಾಲಿಗೆ ‘ಮರ’ ತಂದರೆ ಆನೆಯ ಪಕ್ಕ ಸಿಂಹ ಕಟ್ಟಿದ ಹಾಗೆ.

ಈ ಆದಿಪ್ರಾಸ ಶತಮಾನಗಳ ಕಾಲ ಕಡ್ಡಾಯವಾಗಿತ್ತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮಂಜೇಶ್ವರದ ಗೋವಿಂದ ಪೈ ಅವರು ಅದನ್ನು ಬಿಟ್ಟು ಬರೆದಾಗ ಅದು ದೊಡ್ಡ ಹೆಜ್ಜೆಯೇ ಆಗಿತ್ತು. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದ ಮೇಲೆ ಹೊಸ ಕವಿಗಳಿಗೆ ಬೇರೆ ಬೇರೆ ಅಳತೆಯ ಸಾಲು, ಬೇರೆ ಬೇರೆ ಬಗೆಯ ಅಂತ್ಯಪ್ರಾಸ ಕೈಗೆ ಬಂತು. ಹಾಗಾಗಿ ನಿಮ್ಮ ಗೆಳೆಯರು ಹಳೇ ಕಾಲದ್ದು ಅಂದ ಸಾಲಿನ ಕೊನೆಯ ಪ್ರಾಸ ಒಂದು ಕಾಲಕ್ಕೆ ಹೊಸಬರ ಗುರುತಾಗಿತ್ತು. ರಗಳೆಯಲ್ಲಿ ಅದು ಮೊದಲೇ ಇತ್ತು ಅನ್ನೋದು ಬೇರೆ ಮಾತು. ಹರಿಹರನ ರಗಳೆಗಳಲ್ಲಿ ತಲೆಯಲ್ಲೂ ಪ್ರಾಸ, ಕೊನೆಯಲ್ಲೂ ಪ್ರಾಸ.

ಬಿಡಬೇಕಾಗಿಲ್ಲ. ಆದರೆ ಈಗಿರುವ ಹಾಗೆ ಇಟ್ಟುಕೊಳ್ಳಬೇಡಿ. ನಿಮ್ಮ ಪ್ರಾಸದಲ್ಲಿ ಎರಡು ತೊಂದರೆ ಇದೆ.

ಮೊದಲನೆಯದು ಚಿಕ್ಕದು. ಸರೋವರ, ಸುಂದರ, ಮಧುರ. ಮೊದಲೆರಡರ ಕೊನೆಯಲ್ಲಿ ‘ಅರ’ ಕೇಳುತ್ತದೆ, ಮೂರನೆಯದರಲ್ಲಿ ‘ಉರ’. ಆದಿಪ್ರಾಸಕ್ಕೆ ವ್ಯಂಜನ ಒಂದಾದರೆ ಸಾಕು, ಸ್ವರ ಬೇರೆ ಇರಬಹುದು. ನೀರು, ತೀರ, ದೂರಿ ಎಲ್ಲ ನಡೆಯುತ್ತದೆ. ಅಂತ್ಯಪ್ರಾಸಕ್ಕೆ ಅಷ್ಟು ಸಾಲದು. ಕೊನೆಯ ಅಕ್ಷರದ ಹಿಂದಿನ ಸ್ವರವೂ ಸೇರಿದರೆ ಮಾತ್ರ ಕಿವಿ ಒಪ್ಪುತ್ತದೆ.

ಎರಡನೆಯದು ದೊಡ್ಡದು. ಸುಂದರ, ಮಧುರ ಎರಡೂ ಹೊಗಳಿಕೆಯ ಪದ. ‘ಸರೋವರ’ ಅಂತ ಒಮ್ಮೆ ಬಂದ ಮೇಲೆ ಮುಂದಿನ ಸಾಲು ‘ಸುಂದರ’ದಲ್ಲೇ ಮುಗಿಯುತ್ತದೆ ಅಂತ ಓದುವವರಿಗೆ ಸಾಲು ಶುರುವಾಗುವ ಮೊದಲೇ ಗೊತ್ತು. ಗೊತ್ತಿದ್ದದ್ದೇ ಬಂದರೆ ಪ್ರಾಸಕ್ಕೆ ಕೆಲಸವೇನು? ಇನ್ನೊಂದು ಸಣ್ಣ ಸಂಗತಿ. ‘ಸರೋವರ’ದಲ್ಲಿ ‘ವರ’ ಅಂದರೆ ಶ್ರೇಷ್ಠ ಅಂತಲೇ ಅರ್ಥ. ಸರಸ್ಸುಗಳಲ್ಲಿ ಶ್ರೇಷ್ಠವಾದದ್ದು ಸರೋವರ. ಪದದೊಳಗೇ ಹೊಗಳಿಕೆ ಕೂತಿದೆ. ಅದರ ಮೇಲೆ ಸುಂದರ, ಅದರ ಮೇಲೆ ಎಷ್ಟು ಚಂದ. ಸಕ್ಕರೆಗೆ ಬೆಲ್ಲ ಬೆರೆಸಿ ಜೇನು ಸುರಿದ ಹಾಗಾಯಿತು.

ಪ್ರಾಸದ ಜಾಗಕ್ಕೆ ಗುಣವನ್ನು ಹೇಳುವ ಪದ ಬೇಡ, ವಸ್ತು ತನ್ನಿ. ನಿಮ್ಮ ಮೂರರ ನಡೆಯನ್ನೇ ಇಟ್ಟುಕೊಂಡು, ‘ಅರ’ ಪ್ರಾಸವನ್ನೇ ಇಟ್ಟುಕೊಂಡು, ಮೂರನೇ ಸಾಲನ್ನು ಹೀಗೆ ಬರೆದರೆ?

ನೀರುಕೋಳಿ ಮುಳುಗಿ ಎದ್ದು ಬರೆದ ಅಕ್ಷರ

ಚಂದ ಅನ್ನುವ ಮಾತಿಲ್ಲ, ಆದರೂ ಹೊಗಳಿಕೆ ಇದೆ. ‘ಅಕ್ಷರ’ ಬರುತ್ತದೆ ಅಂತ ಯಾರೂ ಕಾದಿರಲಿಲ್ಲ. ಬಂದ ಮೇಲೆ ಬೇರೆ ಪದ ಬೇಕು ಅನ್ನಿಸುವುದಿಲ್ಲ. ಪ್ರಾಸ ಅಂದರೆ ಇಷ್ಟೇ.

ಕನ್ನಡಕ್ಕೇ ಸೇರಿದ ಇನ್ನೊಂದು ಬಲೆ ಇದೆ, ನಿಮ್ಮ ಉಳಿದ ಚರಣಗಳಲ್ಲಿ ಇರಬಹುದು, ನೋಡಿಕೊಳ್ಳಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಡುತಿದೆ, ಆಡುತಿದೆ, ಓಡುತಿದೆ, ನೋಡುತಿದೆ. ಪ್ರಾಸ ಪುಕ್ಕಟೆ ಸಿಗುತ್ತದೆ. ಇದು ವ್ಯಾಕರಣ ಕೊಟ್ಟ ಪ್ರಾಸ, ಕವಿ ಹುಡುಕಿದ್ದಲ್ಲ. ಕಾಲೇಜಿನಲ್ಲಿದ್ದಾಗ ನಾನು ಹುಣ್ಣಿಮೆಯ ಮೇಲೆ ಹನ್ನೆರಡು ಸಾಲು ಬರೆದು ಮೇಷ್ಟರಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಪ್ರತಿ ಸಾಲಿನ ಕೊನೆಯ ‘ತಿದೆ’ಯನ್ನು ಮಾತ್ರ ಗಟ್ಟಿಯಾಗಿ ಓದುತ್ತಾ ಹೋದರು. ತಿದೆ, ತಿದೆ, ತಿದೆ. ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿ ಜೊತೆ ಸೇರಿದರು. ಆಮೇಲೆ ಬಹಳ ದಿನ ನಾನು ಕ್ರಿಯಾಪದಕ್ಕೆ ಪ್ರಾಸ ಹಚ್ಚಲಿಲ್ಲ. ಎರಡು ಸಾಲಿಗೆ ಒಮ್ಮೆ ಬಂದರೆ ಪರವಾಗಿಲ್ಲ. ಅದೇ ಜಾಸ್ತಿ ಆದರೆ ಪದ್ಯ ವರದಿಯ ಹಾಗೆ ಕೇಳುತ್ತದೆ.

ಇನ್ನು ಪುನರಾವರ್ತನೆ. ನಿಮ್ಮ ಮೂರು ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಕನ್ನಡ ಮಾತನಾಡುವವರಿಗೆ ಒಂದೇ ಪದವನ್ನು ಎರಡು ಸಲ ಹೇಳುವುದು ಹೊಸದಲ್ಲ. ದಿನವೂ ಹೇಳುತ್ತೇವೆ. ಬೇರೆ ಬೇರೆ, ದೂರ ದೂರ, ಮೆಲ್ಲ ಮೆಲ್ಲನೆ. ವ್ಯಾಕರಣದಲ್ಲಿ ದ್ವಿರುಕ್ತಿ ಅನ್ನುತ್ತಾರೆ. ನಡು ನಡು ಅನ್ನುವುದು ಒತ್ತಿ ‘ನಟ್ಟನಡು’ ಆಗುತ್ತದೆ, ತುದಿ ತುದಿ ಅನ್ನುವುದು ‘ತುತ್ತತುದಿ’ ಆಗುತ್ತದೆ. ಸರೋವರದ ನಟ್ಟನಡುವೆ ಬೆಟ್ಟದ ತುತ್ತತುದಿ ಬಿದ್ದಿದೆ ಅಂತ ಬರೆದು ನೋಡಿ. ಎರಡು ದ್ವಿರುಕ್ತಿ ಇದೆ, ಒಂದೂ ಹೊರೆ ಅನ್ನಿಸುವುದಿಲ್ಲ. ಆದರೆ ‘ನೀರು ಗೀರು’, ‘ಬೆಟ್ಟ ಗಿಟ್ಟ’ ಅನ್ನುವ ಜೋಡಿಯ ತಂಟೆಗೆ ಹೋಗಬೇಡಿ. ಅದೂ ಪುನರಾವರ್ತನೆಯೇ, ಆದರೆ ‘ಗಿ’ ಬಂದ ಕೂಡಲೇ ವಸ್ತುವಿನ ಬೆಲೆ ಇಳಿದುಹೋಗುತ್ತದೆ. ಬೈಯುವ ಪದ್ಯಕ್ಕೆ ಇಟ್ಟುಕೊಳ್ಳಿ.

ಸದ್ದಿನ ಪದಗಳಲ್ಲೂ ಎಚ್ಚರ ಬೇಕು. ನೀರು ಅಂದ ಕೂಡಲೇ ಕೈ ‘ಜುಳುಜುಳು’ ಬರೆದುಬಿಡುತ್ತದೆ. ಜುಳುಜುಳು ಹರಿಯುವ ನೀರಿನದ್ದು. ಸರೋವರ ಜುಳುಜುಳು ಅನ್ನುವುದಿಲ್ಲ. ಅದು ಬಿಸಿಲಿಗೆ ಥಳಥಳ ಅನ್ನುತ್ತದೆ, ಮೀನು ಹಾರಿದರೆ ಪುಳಕ್ ಅನ್ನುತ್ತದೆ, ಅಷ್ಟೇ. ಉಳಿದ ಹೊತ್ತು ಸುಮ್ಮನಿರುತ್ತದೆ. ಸುಮ್ಮನಿರುವುದನ್ನು ಸದ್ದಿನಲ್ಲಿ ತೋರಿಸಬೇಕಾದರೆ ಒತ್ತಕ್ಷರ ಕಡಿಮೆ ಮಾಡಿ. ಟ್ಟ, ಡ್ಡ, ಕ್ಕ ಬಂದಲ್ಲೆಲ್ಲ ನಾಲಿಗೆ ತಡೆದು ನಿಲ್ಲುತ್ತದೆ. ಲ, ಳ, ನ, ಮ ಬಂದಲ್ಲಿ ಜಾರುತ್ತದೆ.

ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಮತ್ತೆ ಮತ್ತೆ ತರುವ ಯಮಕದ ಆಸೆ ಇದ್ದರೆ ನೀರಿನ ಪದಗಳಲ್ಲಿ ಅವಕಾಶ ಬೇಕಾದಷ್ಟಿದೆ. ‘ತೆರೆ’ ಅಂದರೆ ಅಲೆ, ತೆರೆ ಅಂದರೆ ಪರದೆ, ತೆರೆ ಅಂದರೆ ಬಿಚ್ಚು. ‘ತೆರೆಯು ತೆರೆಯಿತು ತೆರೆಯ’ ಅಂತ ಒಂದು ಸಾಲಿನಲ್ಲಿ ಮೂರನ್ನೂ ತರಬಹುದು. ಒಂದು ಪದ್ಯಕ್ಕೆ ಒಮ್ಮೆ ಸಾಕು. ಎರಡನೇ ಸಲ ಮಾಡಿದರೆ ಓದುಗರು ಸರೋವರ ಬಿಟ್ಟು ನಿಮ್ಮ ಜಾಣತನ ನೋಡತೊಡಗುತ್ತಾರೆ.

ಈಗ ನಿಮ್ಮ ಪಲ್ಲವಿ. ಐದು ಚರಣ, ಚರಣಕ್ಕೆ ಎರಡು ಸಲ, ಒಟ್ಟು ಹತ್ತು ಸಲ. ಸಾಲಿನೊಳಗೇ ‘ಎಷ್ಟು ಚಂದ’ ಎರಡು ಸಲ ಇರುವುದರಿಂದ ಇಪ್ಪತ್ತು ‘ಎಷ್ಟು ಚಂದ’. ಹಾಡುವುದಾದರೆ ಇದು ನಡೆದೀತು. ಹಾಡಿನಲ್ಲಿ ಪಲ್ಲವಿಗೆ ಮರಳಿ ಬರುವಾಗ ಗಾಯಕರು ಸಂಗತಿ ಬದಲಿಸುತ್ತಾರೆ, ಎಳೆಯುತ್ತಾರೆ, ತಗ್ಗಿಸುತ್ತಾರೆ. ಪದ ಅದೇ ಇದ್ದರೂ ಸ್ವರ ಬೇರೆಯಾಗುತ್ತದೆ. ಓದುವ ಪದ್ಯಕ್ಕೆ ಆ ಸಹಾಯ ಇಲ್ಲ. ಅಲ್ಲಿ ಬದಲಾವಣೆಯನ್ನು ಪದವೇ ತರಬೇಕು. ಐದನೇ ಸಲ ಅದೇ ಸಾಲು ಕಂಡರೆ ಕಣ್ಣು ಓದದೆ ಜಿಗಿಯುತ್ತದೆ. ನಾನಂತೂ ಜಿಗಿದೆ.

ಹಾಗಾಗಿ ಪಲ್ಲವಿಯ ಅರ್ಧ ನಿಲ್ಲಲಿ, ಅರ್ಧ ಬದಲಾಗಲಿ. ಯಾವ ಅರ್ಧ ನಿಲ್ಲಬೇಕು ಅನ್ನೋದನ್ನು ನಾವು ಆಗಲೇ ಕಂಡುಕೊಂಡಿದ್ದೇವೆ. ‘ಸರೋವರ’ ಇರುವ ಎಂಟು ಮಾತ್ರೆಯ ತುಂಡು. ಅದು ನಾಲ್ಕರ ನಡೆ ಕೇಳುತ್ತದೆ, ಆದ್ದರಿಂದ ಇಡೀ ಪದ್ಯವನ್ನೇ ನಾಲ್ಕಕ್ಕೆ ತಂದುಬಿಡೋಣ. ನಿಮ್ಮ ಬೆಟ್ಟ, ನಿಮ್ಮ ಹಕ್ಕಿ, ನಿಮ್ಮ ನೀರು, ಇಷ್ಟನ್ನೇ ಇಟ್ಟುಕೊಂಡು ನಾನು ಹೀಗೆ ಕಟ್ಟಿದೆ:

ಬೆಳಗಿನ ನೀರಲಿ ಬೆಟ್ಟವು ಮಲಗಿದೆ
ಎಬ್ಬಿಸಬಾರದು ಎಂದಿದೆ ಗಾಳಿ
ಮುಳುಗಿದ ಹಕ್ಕಿಯು ಏಳುವವರೆಗೂ
ಉಸಿರನು ಹಿಡಿದಿವೆ ಅಲೆಗಳು ತಾಳಿ
ಮಲಗಿದ ಬೆಟ್ಟವ ಹೊತ್ತ ಸರೋವರ

ದೊಡ್ಡ ಪದ್ಯವೇನಲ್ಲ, ಲೆಕ್ಕ ತೋರಿಸಲು ಬರೆದದ್ದು. ಒಂದನೇ, ಮೂರನೇ, ಐದನೇ ಸಾಲಿಗೆ ಪೂರ್ತಿ 16 ಮಾತ್ರೆ. ಎರಡು ಮತ್ತು ನಾಲ್ಕಕ್ಕೆ 15. ಒಂದು ಮಾತ್ರೆಯನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಉಸಿರು ಅಲ್ಲಿ ತಂಗುತ್ತದೆ. ‘ಗಾಳಿ’, ‘ತಾಳಿ’ ಪ್ರಾಸ, ಒಂದು ವಸ್ತು, ಒಂದು ಕ್ರಿಯೆ. ಎರಡೂ ಹೊಗಳಿಕೆಯ ಪದವಲ್ಲ. ಗಟ್ಟಿ ಒತ್ತು ಎಲ್ಲಿದೆ ನೋಡಿ. ಬೆಟ್ಟದಲ್ಲಿ, ‘ಎಬ್ಬಿಸ’ದಲ್ಲಿ, ಹಕ್ಕಿಯಲ್ಲಿ, ‘ಹೊತ್ತ’ದಲ್ಲಿ. ನೀರು, ಗಾಳಿ, ಅಲೆ ಬರುವಾಗ ಇಲ್ಲ. ಮೊದಲೆರಡು ಸಾಲಿನಲ್ಲಿ ‘ಬ’ ಮತ್ತೆ ಮತ್ತೆ ಬಂದದ್ದು ಮಾತ್ರ ನಾನು ಯೋಚಿಸಿ ಇಟ್ಟದ್ದಲ್ಲ, ಬಂತು, ಇರಲಿ ಅಂತ ಬಿಟ್ಟೆ.

‘ನೀರಿನಲ್ಲಿ’ ಅನ್ನದೆ ‘ನೀರಲಿ’ ಯಾಕೆ ಅಂದೆ? ಈ ವಿಷಯದಲ್ಲಿ ಕನ್ನಡ ಕವಿಗೆ ತುಂಬ ಉದಾರಿ. ನೀರಿನಲ್ಲಿ ಆರು ಮಾತ್ರೆ. ನೀರಲ್ಲಿ, ನೀರಿನಲಿ, ನೀರೊಳಗೆ ಐದೈದು. ನೀರಲಿ, ನೀರೊಳು ನಾಲ್ಕು ನಾಲ್ಕು. ಅರ್ಥ ಒಂದೇ, ಅಳತೆ ಮೂರು. ಸರೋವರಕ್ಕೂ ಹಾಗೇ. ಕೊಳ ಎರಡು, ಸರಸಿ ಮೂರು, ತಟಾಕ ನಾಲ್ಕು, ಕಾಸಾರ ಐದು. ಆದರೆ ಅಳತೆಗೆ ಸಿಕ್ಕಿತು ಅಂತ ‘ಕಾಸಾರ’ ಹಾಕಿದರೆ ಪಕ್ಕದಲ್ಲಿರುವ ‘ಹಕ್ಕಿ’, ‘ಬೆಟ್ಟ’ಕ್ಕೆ ಅದು ಹೊಂದುವುದಿಲ್ಲ. ಹಳ್ಳಿಯ ಜಗಲಿಯಲ್ಲಿ ಕಿರೀಟ ಇಟ್ಟುಕೊಂಡು ಕೂತ ಹಾಗೆ ಕಾಣುತ್ತದೆ. ‘ಕೆರೆ’ಯೂ ಬೇಡ. ಕೆರೆ ಅಂದ ಕೂಡಲೇ ಕಟ್ಟೆ, ತೂಬು, ಗದ್ದೆ ನೆನಪಾಗುತ್ತವೆ, ನೀವು ನೋಡಿದ್ದು ಅದಲ್ಲ.

ಪಲ್ಲವಿಗೆ ಮರಳಿ ಬರುತ್ತೇನೆ. ಬೆಳಗಿನ ಚರಣ ‘ಮಲಗಿದ ಬೆಟ್ಟವ ಹೊತ್ತ ಸರೋವರ’ ಅಂತ ಮುಗಿಯಿತು. ಸಂಜೆಯ ಚರಣಕ್ಕೆ:

ಮುಳುಗುವ ನೇಸರ ಹೊತ್ತ ಸರೋವರ

ರಾತ್ರಿಯ ಚರಣಕ್ಕೆ:

ಎಣಿಸದ ಚುಕ್ಕಿಯ ಹೊತ್ತ ಸರೋವರ

‘ಹೊತ್ತ ಸರೋವರ’ ಮೂರು ಸಲವೂ ಅದೇ ಜಾಗದಲ್ಲಿ, ಅದೇ ತಟ್ಟಿನಲ್ಲಿ ಬರುತ್ತದೆ. ಕಿವಿಗೆ ಮನೆಗೆ ಬಂದ ನೆಮ್ಮದಿ. ಆದರೆ ಹೊತ್ತದ್ದು ಪ್ರತಿ ಸಲ ಬೇರೆ. ಬೆಟ್ಟ ಭಾರ, ಸೂರ್ಯ ಬಿಸಿ, ಚುಕ್ಕಿಗೆ ತೂಕವೇ ಇಲ್ಲ. ನೀರು ಮಾತ್ರ ಎಲ್ಲವನ್ನೂ ಒಂದೇ ಥರ ಹೊರುತ್ತದೆ. ಚಂದ ಅನ್ನುವ ಪದ ಎಲ್ಲೂ ಇಲ್ಲ. ಬೇಕಾದರೆ ಕೊನೆಯ ಚರಣದಲ್ಲಿ ಒಂದೇ ಒಂದು ಸಲ ಹೇಳಿ, ಆಗ ಓದುಗರು ನಂಬುತ್ತಾರೆ.

ಪಲ್ಲವಿಯನ್ನು ಚರಣದ ಮೊದಲಿಗೂ ಇಡಬೇಕಾಗಿಲ್ಲ. ಕೊನೆಗೆ ಒಮ್ಮೆ ಬಂದರೆ ಸಾಕು. ಒಂದು ಚರಣ ಮುಗಿಸಿದ ಸಾಲೇ ಮುಂದಿನ ಚರಣವನ್ನು ಶುರು ಮಾಡಿದರೆ ಒಂದರ ಬೆನ್ನಿಗೆ ಒಂದು ಎರಡು ಸಲ ಓದಿದಂತಾಗುತ್ತದೆ.

ನಿಮಗೆ ಮೂರರ ನಡೆಯೇ ಇಷ್ಟ, ಮಕ್ಕಳ ಕೈಲಿ ಹಾಡಿಸಬೇಕು ಅಂತಿದ್ದರೆ ಅದೂ ಸರಿಯೇ. ಆಗ ‘ಸರೋವರ’ವನ್ನು ಪಲ್ಲವಿಯಿಂದ ತೆಗೆದು ಮೂರು ಮಾತ್ರೆಯ ‘ಸರಸಿ’ಯನ್ನೋ, ಇಲ್ಲ ಎರಡು ಮಾತ್ರೆಯ ‘ಕೊಳ’ವನ್ನೋ ಸಾಲಿನ ಕೊನೆಗೆ ಇಡಿ. ‘ಎಷ್ಟು ಚಂದ ಎಷ್ಟು ಚಂದ ನಮ್ಮ ನೀಲಿ ಕೊಳ’. ಇದರಲ್ಲಿ ಎಲ್ಲೂ ಕುಂಟು ಇಲ್ಲ. ‘ಕೊಳ’ಕ್ಕೆ ಪ್ರಾಸ ಹುಡುಕುವಾಗ ಮಾತ್ರ ಎಚ್ಚರ: ತಳ, ಬಳ್ಳಿಗಳ ಬೇಗ ಕೈಗೆ ಸಿಗುತ್ತವೆ, ಆದರೆ ಅವುಗಳ ಕೊನೆಯಲ್ಲಿ ಕೇಳುವುದು ‘ಅಳ’, ಕೊಳದಲ್ಲಿ ‘ಒಳ’.

ಬರೆದಾದ ಮೇಲೆ ಒಂದು ಕೆಲಸ ಮಾಡಿ. ನೀವೇ ಓದಬೇಡಿ. ಬರೆದವರು ಓದಿದರೆ ಎಡವುವ ಜಾಗದಲ್ಲಿ ತಾವೇ ಎಳೆದು, ನುಂಗಿ, ಸರಿಮಾಡಿಬಿಡುತ್ತಾರೆ. ಆ ಗೆಳೆಯರ ಕೈಗೆ ಕೊಡಿ, ಮೊದಲ ಸಲ ನೋಡಿದ ಹಾಗೇ ಜೋರಾಗಿ ಓದಲಿ. ಎಲ್ಲಿ ಅವರು ಹಿಂದೆ ಹೋಗಿ ಮತ್ತೆ ಓದುತ್ತಾರೋ ಅಲ್ಲಿ ಗುರುತು ಹಾಕಿ.

ಐದು ಚರಣ ಅಂದಿರಿ. ಬೆಳಗು, ಸಂಜೆ, ರಾತ್ರಿ ನಾನು ತುಂಬಿಸಿದೆ. ಕೊನೆಯದರಲ್ಲಿ ಸರೋವರ ಬಿಟ್ಟು ಮನೆಗೆ ಹೊರಟ ನಿಮ್ಮನ್ನೇ ಹೊರಿಸಬಹುದು. ನಡು ಮಧ್ಯಾಹ್ನ ಬಾಕಿ ಇದೆ. ‘ಹೊತ್ತ ಸರೋವರ’ದ ಮುಂದೆ ಇಡಲು ಎಂಟು ಮಾತ್ರೆ ಬೇಕು, ನಾಲ್ಕು ನಾಲ್ಕಾಗಿ ಒಡೆಯಬೇಕು, ಮೊದಲು ಲಘು, ಆಮೇಲೆ ಗುರು ಇಟ್ಟು ಗಣ ಶುರು ಮಾಡಬಾರದು. ಸಿಕ್ಕರೆ ಬರೆದು ಕಳಿಸಿ.